ನಿರ್ಜನತೆಗೆ ಐದು ನಕ್ಷತ್ರ

‘ಮಟ್ಟಿದಾರಿ’ ಆ್ಯಪ್‌ನ ಮಾನ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ವಿಶಾಖಪಟ್ಟಣದ ಕಾರ್ಖಾನೆಯೊಂದರ ಟೌನ್‌ಶಿಪ್ಪಿನಿಂದ, ಹುಟ್ಟಿನಿಂದ ಹಿರಿಯೂರಿನವನೂ ವೃತ್ತಿಯಿಂದ ಎಂಜಿನಿಯರನೂ ಆದ ಜಯದೇವನು ಈಚೆಗಷ್ಟೇ ಕೆಸರು ತೊಳೆದ ಕೈಗಳನ್ನು ಜೋಡಿಸಿ ಮಾಡುವ ನಮಸ್ಕಾರಗಳು. ಮನೆಯಿಂದ ಸ್ವಲ್ಪ ದೂರದಲ್ಲೇ ರಮಣೀಯವಾದ, ಬಟಾಬಯಲಾದ ಮಣ್ಣುದಾರಿಗಳನ್ನು ಹುಡುಕಿಕೊಟ್ಟು ನನ್ನಂಥ ಗೃಹಸ್ಥರನ್ನು ಸಾಹಸಿಗಳನ್ನಾಗಿ ಮಾಡುತ್ತಿರುವ ತಮ್ಮ ಸೇವೆ ದೊಡ್ಡದು. ಅದರ ಫಲ ಉಂಡವನಾಗಿ ಕೆಲವು ಮಾತು ನಿವೇದಿಸಿಕೊಳ್ಳಲು ಅಪ್ಪಣೆಯಾಗಬೇಕು.

ಕಳೆದ ಯುಗಾದಿಗೆ ನಾನೊಂದು ಜೀಪು ಕೊಂಡೆ. ದೊಡ್ಡ ಡಿಕ್ಕಿಯ ಸಾಧುಸ್ವಭಾವದ ಕಾರೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ನನ್ನ ಹೆಂಡತಿ ಹರಿಣಿಗೆ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಕ್ಕರೆ ಗಾಡಿ ಗುಡ್ಡವನ್ನೇ ಹತ್ತುತ್ತದೆಂದು ವಾರಗಟ್ಟಲೆ ಉಪನ್ಯಾಸ ಕೊಟ್ಟಿದ್ದೆ. ಆಮೇಲೆ ಅದು ಹತ್ತಿದ ಅತಿ ಎತ್ತರದ ಪ್ರದೇಶವೆಂದರೆ ನಮ್ಮ ತರಕಾರಿ ಅಂಗಡಿಯ ಮುಂದಿನ ಸ್ಪೀಡ್ ಬ್ರೇಕರ್. ಈ ಅಪಮಾನದಿಂದ ಪಾರಾಗಲೆಂದೇ ನಾನು ತಮ್ಮ ಆ್ಯಪ್‌ಗೆ ಶರಣಾದದ್ದು.

ತಾವು ಮೊದಲು ದಯಪಾಲಿಸಿದ್ದು ಅನಕಾಪಲ್ಲಿಯಾಚೆಗಿನ ‘ಕೆಂಪುಗುಡ್ಡದ ದಾರಿ’. ಹೋಗಿ ನೋಡಿದರೆ ಗುಡ್ಡವನ್ನು ಕಡಿದು ಸಮ ಮಾಡಿ, ಬಣ್ಣ ಹಚ್ಚಿದ ಕಲ್ಲು ನೆಟ್ಟು ಸೈಟುಗಳನ್ನಾಗಿ ಮಾಡಿದ್ದರು. ಕಾಮೇಶ್ವರ ಎಂಬ ಏಜೆಂಟರು ಕೊಡೆ ಹಿಡಿದು ಓಡಿಬಂದು, ನಮ್ಮನ್ನು ಗಿರಾಕಿಗಳೆಂದೇ ನಂಬಿ ಮಜ್ಜಿಗೆ ಕೊಟ್ಟು, ಈಶಾನ್ಯ ಮೂಲೆಯ ಸೈಟು ನಮಗೆಂದೇ ಉಳಿದಿದೆ ಎಂದರು. ದಾರಿ ತಪ್ಪಿ ಬಂದವರೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ನಾನು ಇಡೀ ಬಿಸಿಲಲ್ಲಿ ಅವರ ಹಿಂದೆ ನಡೆದು, ಭಾವಿ ಈಜುಕೊಳ ಮತ್ತು ಭಾವಿ ದೇವಸ್ಥಾನಗಳನ್ನು ಗಂಭೀರವಾಗಿ ಪರಿಶೀಲಿಸಿದೆ. ಬರುವಾಗ ಪೇಟೆಯಲ್ಲಿ ಬೆಲ್ಲ ಕೊಂಡ ಹರಿಣಿ, ಬಂದದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಎಂದಳು.

ಇಷ್ಟರ ಮೇಲೂ ತಮ್ಮನ್ನೇ ನಂಬಿದ್ದಕ್ಕೆ ಕಾರಣವಿತ್ತು. ನಮ್ಮ ಒಬ್ಬಳೇ ಮಗಳು ಲಾವಣ್ಯಾ ಹತ್ತನೆಯ ತರಗತಿ ಮುಗಿಸಿ, ಇಲ್ಲಿಯವರು ಇಂಟರ್ ಎನ್ನುವ ಪಿಯುಸಿಗೆಂದು ವಿಜಯವಾಡಕ್ಕೆ ಹೊರಟಿದ್ದಳು. ಗವರ್ನರ್‌ಪೇಟೆಯ ಅವಳ ಹಾಸ್ಟೆಲನ್ನು ನಾವು ನೋಡಿ ಬಂದಿದ್ದೆವು. ಕಿಟಕಿ ತೆರೆದರೆ ಸಗಟು ಅಂಗಡಿಯ ಗೋಡೆ, ಬಗ್ಗಿ ನೋಡಿದರೆ ಆಟೋಗಳು. ಅಲ್ಲಿ ಸೇರಿಕೊಳ್ಳುವ ಮೊದಲು ಅವಳಿಗೊಮ್ಮೆ ಕಣ್ಣು ಹಾಯುವಷ್ಟು ದೂರವೂ ಏನೂ ಇಲ್ಲದ ಜಾಗ ತೋರಿಸಬೇಕೆಂಬ ಹಟ ನನಗೆ ಹತ್ತಿತು. ನಾನು ಕನ್ನಡದಲ್ಲಿ ಎಷ್ಟೇ ಉದ್ದ ಮಾತಾಡಿದರೂ ಇತ್ತೀಚೆಗೆ ಅವಳ ಉತ್ತರ, ತೆಲುಗಿನಲ್ಲಿ ‘ಸರಿ ಅಪ್ಪಾ’ ಎನ್ನುವ “ಸರೇ ನಾನ್ನಾ” ಎಂಬಷ್ಟೇ. ಇದಕ್ಕೂ ಅಷ್ಟೇ ಹೇಳಿ ಜೀಪು ಹತ್ತಿದಳು.

ಅವಳು ಹೊರಡುವ ಹಿಂದಿನ ದಿನ, ಭಾನುವಾರ, ಭೀಮುನಿಪಟ್ಟಣದಾಚೆಗಿನ, ತಾವು ನಿರ್ಜನತೆಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿರುವ ದಾರಿ ಹಿಡಿದೆವು. ತಾವು ಸುಳ್ಳು ಹೇಳಿರಲಿಲ್ಲ. ತಾಳೆಮರಗಳ ಸಾಲು ಮುಗಿದದ್ದೇ ನೆಲವೆಲ್ಲ ಬಯಲಾಗಿ, ಅದರ ಕೊನೆಗೆ ಹಿನ್ನೀರು, ಅದರಾಚೆ ಸಮುದ್ರ. ಆನಂದ ತಡೆಯಲಾರದೆ ನಾನು ದಾರಿ ಬಿಟ್ಟು, ಒಣಗಿದಂತೆ ನಟಿಸುತ್ತಿದ್ದ ನೆಲದ ಮೇಲೆ ಜೀಪು ಇಳಿಸಿದೆ. ಮುಂದಿನ ಚಕ್ರಗಳು ಹೂತವು. ಎಂಜಿನಿಯರನಾದ ನಾನು ಕೂಲಂಕಷವಾಗಿ ಯೋಚಿಸಿ ಆಕ್ಸಿಲರೇಟರ್ ಒತ್ತಲು, ಹಿಂದಿನವೂ ಹೂತವು. ನಾಲ್ಕು ಚಕ್ರಕ್ಕೂ ಸಮಾನ ಬಲವಿರುವುದು ಹರಿಣಿಗೆ ಅಂದು ಮನವರಿಕೆಯಾಯಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಯಾರಾದರೂ ಬರಲೆಂದು ಜೀಪಿನ ನೆರಳಿನಲ್ಲಿ ಕುಳಿತು ತಂದಿದ್ದ ಚಿತ್ರಾನ್ನ ತಿಂದೆವು. ಹಾಸ್ಟೆಲಿನಲ್ಲಿ ಬೆಳಿಗ್ಗೆ ಬೇಗ ಎಬ್ಬಿಸುತ್ತಾರಂತೆ, ಫೋನು ಕೊಡುವುದು ಭಾನುವಾರ ಮಾತ್ರವಂತೆ ಎಂದು ಲಾವಣ್ಯಾ ತಾನಾಗಿಯೇ ಹೇಳತೊಡಗಿದಳು. ಭಯವಾಗುತ್ತಿದೆ ಎಂದೂ ಹೇಳಿದಳು. ಎಲ್ಲವನ್ನೂ ಕನ್ನಡದಲ್ಲೇ ಹೇಳಿದಳೆಂಬುದು ನನಗೆ ತಡವಾಗಿ ಹೊಳೆಯಿತು. ನಾನು ಎದ್ದು ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದಾಗ ಅವಳೆಂದಳು:

“ಕೂತ್ಕೋ ಅಪ್ಪಾ. ಇನ್ನೂ ಸ್ವಲ್ಪ ಹೊತ್ತು ಯಾರೂ ಬರ್ದಿದ್ರೆ ಚೆನ್ನಾಗಿರುತ್ತೆ.”

ನಾನು ಕುಳಿತೆ. ಬಿಸಿಲು ಇಳಿದ ಮೇಲೆ, ಬಲೆ ಹೊತ್ತು ಮನೆಗೆ ಮರಳುತ್ತಿದ್ದ ಬೆಸ್ತರು ನಮ್ಮನ್ನು ಕಂಡು ಹಗ್ಗ ಕಟ್ಟಿ ಜೀಪನ್ನು ಎಳೆದು ಹಾಕಿದರು. ಇಷ್ಟು ಒಳಗೆ ಬಂದಿರೇಕೆ ಎಂದು ಅವರು ಕೇಳಿದ್ದಕ್ಕೆ ಮಗಳು, “ಮಾ ನಾನ್ನಕಿ ದಾರಿ ತೆಲುಸು, ವೆನಕ್ಕಿ ರಾವಡಮೇ ತೆಲೀದು” ಎಂದಳು. ಅಪ್ಪನಿಗೆ ದಾರಿ ಗೊತ್ತು, ಹಿಂದಿರುಗುವುದಷ್ಟೇ ಗೊತ್ತಿಲ್ಲ ಎಂದು. ಎಲ್ಲರೂ ನಕ್ಕರು, ನಾನೂ ತೆಲುಗು ಬಾರದವನಂತೆ ನಕ್ಕೆ.

ಮಾನ್ಯರೇ, ಈ ಕೆಸರಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ಮರುದಿನ ತಾವು ತೋರಿಸಿದ ವಿಜಯವಾಡದ ದಾರಿಯ ಬಗ್ಗೆ. ಅದೊಂದು ಹೆದ್ದಾರಿ. ಒಂದು ಹಳ್ಳವಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ; ಹೇಳಿದ ವೇಳೆಗಿಂತ ಮೊದಲೇ ನಮ್ಮನ್ನು ಮುಟ್ಟಿಸಿಬಿಟ್ಟಿತು. ಗವರ್ನರ್‌ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ, ಹಿಂದಿನ ಆಟೋಗಳ ಹಾರ್ನಿನ ನಡುವೆ ತಾಯಿ ಮಗಳು ಪೆಟ್ಟಿಗೆ ಇಳಿಸಿಕೊಂಡು ಒಳಗೆ ಹೋದರು. ನಾನು ಬೀದಿ ಸುತ್ತಿ ಬರುವಷ್ಟರಲ್ಲಿ ಹರಿಣಿ ಒಬ್ಬಳೇ ಬಾಗಿಲಲ್ಲಿ ನಿಂತಿದ್ದಳು. ಇಂಥ ರಸ್ತೆಯನ್ನು ಯಾವ ಆಧಾರದ ಮೇಲೆ ಉತ್ತಮವೆಂದು ಶಿಫಾರಸು ಮಾಡುತ್ತೀರಿ? ಆದಕಾರಣ ದಸರಾ ರಜೆಗೆ ಮಗಳನ್ನು ಕರೆತಂದು ಮತ್ತೆ ಬಿಡಲು ಹೋಗುವುದರೊಳಗೆ, ಆ ಹೆದ್ದಾರಿಯನ್ನು ಅಗೆಸಿ, ಅಲ್ಲಲ್ಲಿ ಒಳ್ಳೆಯ ಕೆಸರು ತುಂಬಿಸಿ, ಸಿಗ್ನಲ್ಲನ್ನೂ ತೆಗೆಸಿಕೊಡಬೇಕೆಂದು ಸವಿನಯವಾಗಿ ಬೇಡಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಜಯದೇವ

ತಾ.ಕ.: ಭೀಮುನಿಪಟ್ಟಣದ ದಾರಿಯ ಪುಟದಲ್ಲಿ, ಕೆಸರಿನಲ್ಲಿ ಮಂಡಿಯೂರಿ ಚಕ್ರವನ್ನು ಬೇಡಿಕೊಳ್ಳುತ್ತಿರುವ ನನ್ನ ಚಿತ್ರವೊಂದು ‘ಇಲ್ಲಿ ಕಾಣಸಿಗುವ ವನ್ಯಜೀವಿಗಳು’ ವಿಭಾಗದಲ್ಲಿ ಪ್ರಕಟವಾಗಿದೆ. ಅದನ್ನು ತೆಗೆಯಬೇಕು. ಹಾಕಿದವರ ಮೇಲೆ ನಾನೇ ಕ್ರಮ ಕೈಗೊಳ್ಳಬಹುದಿತ್ತು. ಆದರೆ ಅವರೊಂದಿಗೆ ಒಂದೇ ಮನೆಯಲ್ಲಿ ಬಾಳಬೇಕಾಗಿದೆ. ಮೇಲಾಗಿ, ಈಗ ಮನೆಯಲ್ಲಿ ನಾವಿಬ್ಬರೇ.