ಹೊಸ ನಿಯಮ ಬಂತು, ಲಾರಿ ನಿಂತಿತು

ಸರ್ಕಾರ ಲಾರಿಗೆ ಒಂದು ಹೊಸ ನಿಯಮ ತಂದರೆ ಸಾಕು, ನನ್ನ ಮೇಜಿನ ಮುಂದೆ ನಗಲೇಬೇಕಾದ ಏನಾದರೊಂದು ನಡೆದೇ ನಡೆಯುತ್ತದೆ. ನಾನು ಗದಗಿನ ಒಂದು ಲಾರಿ ಮಾಲೀಕರ ಸಂಘದಲ್ಲಿ ಗುಮಾಸ್ತ. ನಿಯಮ ಓದಿ ಹೇಳುವುದಷ್ಟೇ ನನ್ನ ಕೆಲಸ. ಕೇಳಿಸಿಕೊಂಡವರು ಅದನ್ನು ಏನು ಮಾಡುತ್ತಾರೋ, ಆ ದೇವರೇ ಬಲ್ಲ.

ಕಣ್ಣಿನ ಪರೀಕ್ಷೆ

ಚಾಲಕರೆಲ್ಲ ಕಣ್ಣು ತೋರಿಸಬೇಕು ಎಂದಾಯಿತು. ನಮ್ಮ ಕಚೇರಿಯಲ್ಲೇ ಶಿಬಿರ. ಲಕ್ಷ್ಮೇಶ್ವರದ ಹಿರಿಯ ಚಾಲಕನೊಬ್ಬ, ಲೈಸೆನ್ಸ್ ಎಲ್ಲಿ ಹೋದೀತೋ ಎಂಬ ಹೆದರಿಕೆಗೆ, ಮೊದಲು ಪಾಸಾಗಿ ಬಂದವನಿಂದ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಹೋದ. ಕುರ್ಚಿಯಲ್ಲಿ ಕೂತವನೇ ಗೋಡೆ ನೋಡುತ್ತ ಮೇಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡ ಒಪ್ಪಿಸಿದ.

ಡಾಕ್ಟರು, "ಭಾಳ ಚಲೋ ಓದಿದ್ರಿ. ಆದ್ರ ನಾ ಇನ್ನೂ ಆ ಅಕ್ಷರದ ಹಾಳಿ ತೂಗೇ ಹಾಕಿಲ್ಲ" ಎಂದರು.

ವಾರದ ಮೇಲೆ ಆ ಚಾಲಕ ದಪ್ಪ ಕನ್ನಡಕ ಹಾಕಿಕೊಂಡು ನನ್ನ ಮುಂದೆ ಬಂದು ನಿಂತ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿ ಮರುಗಿದ:

"ಸರ, ನಿಮಗ ಇಷ್ಟ ವಯಸ್ಸಾಗೇತೇನ್ರಿ!"

ಕೆರೆ ದಂಡೆಯ ಚುಕ್ಕಿ

ಲಾರಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಯಂತ್ರ ಬಂದಾಗ ಬೆಟಗೇರಿಯ ಮಾಲೀಕರೊಬ್ಬರಿಗೆ ಹಬ್ಬ. ಇಡೀ ದಿನ ನಮ್ಮ ಕಚೇರಿಯಲ್ಲಿ ಕೂತು ಮೊಬೈಲಿನ ಚುಕ್ಕಿ ನೋಡುವುದೇ ಅವರ ಕೆಲಸ. ಒಂದು ಮುಂಜಾನೆ ಲಕ್ಷ್ಮೇಶ್ವರಕ್ಕೆ ಸಿಮೆಂಟ್ ಹೊತ್ತು ಹೊರಟ ಚುಕ್ಕಿ ಮಾಗಡಿ ಕೆರೆಯ ಹತ್ತಿರ ನಿಂತುಬಿಟ್ಟಿತು. ಒಂದು ತಾಸಾದರೂ ಅಲುಗಾಡಲಿಲ್ಲ.

ಮಾಲೀಕರು ಫೋನಿನಲ್ಲಿ ಚಾಲಕನ ಮೇಲೆ ಹರಿಹಾಯ್ದರು: "ಏನ್ ಮಾಡಾಕತ್ತಿಲೇ ಅಲ್ಲಿ?"

"ಹಕ್ಕಿ ನೋಡಾಕತ್ತೇನ್ರಿ."

"ಹಕ್ಕಿ ನೋಡಾಕ ನಿನಗ ಲಾರಿ ಕೊಟ್ಟೇನೇನು?"

"ಹಂಗಲ್ರಿ ಮಾಲಕ್ರ. ಇವು ಹಿಮಾಲಯ ದಾಟಿ ಬಂದಾವಂತ. ಪರ್ಮಿಟ್ ಇಲ್ಲ, ಜಿಪಿಎಸ್ ಇಲ್ಲ, ಮ್ಯಾಲಿಂದ ಫೋನ್ ಮಾಡಾವ್ರೂ ಇಲ್ಲ. ಹೆಂಗ ಬಂದ್ವು ಅಂತ ವಿಚಾರ ಮಾಡಾಕತ್ತೇನಿ!"

ತಂಪಿನ ಲಾರಿ

ಹೊಸ ಲಾರಿಗಳಲ್ಲಿ ಚಾಲಕನ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಯಿತು. ಅಸುಂಡಿಯ ಒಬ್ಬಾತ ಅಂಥ ಲಾರಿ ಕೊಂಡ, ತಾನೇ ಓಡಿಸುತ್ತಿದ್ದ. ನೋಡಲೆಂದು ಅವನ ಅತ್ತೆಯೂ ಊರಿನಿಂದ ಬಂದಳು. ಸುಡುಬಿಸಿಲಿನ ಒಂದು ಮಧ್ಯಾಹ್ನ ಎಂಜಿನ್ ಚಾಲೂ ಮಾಡಿ, ಎಸಿ ಹಚ್ಚಿಟ್ಟು, ಉಳ್ಳಾಗಡ್ಡಿ ಚೀಲಗಳಿಗೆ ಹಗ್ಗ ಬಿಗಿಯಲು ಹಿಂದೆ ಹೋದ. ಬಿಗಿದು ಬಂದು ಸೀದಾ ಮುಂಡರಗಿಗೆ ಹೊರಟ.

ಮುಂಡರಗಿ ಸಮೀಪ ತಪಾಸಣೆ. ಬಿಸಿಲಿಗೆ ಬೆವೆತು ತೊಯ್ದುಹೋಗಿದ್ದ ಅಧಿಕಾರಿ ಬಾಗಿಲು ತೆಗೆಸಿ ಕಾಗದ ನೋಡಿದರು. ಎಲ್ಲ ಸರಿ. ಅಷ್ಟರಲ್ಲಿ ಸೀಟಿನ ಹಿಂದೆ ಮಲಗುವ ಜಾಗದ ಪರದೆಯ ಆಚೆ ಗೊರಕೆ ಕೇಳಿಸಿತು.

"ಹಿಂದ ಯಾರದಾರ?"

"ಯಾರೂ ಇಲ್ರಿ."

ಪರದೆ ಸರಿಸಿದರೆ ಅತ್ತೆ! ಕಾಲು ಚಾಚಿ, ತಲೆತುಂಬ ಸೆರಗು ಹೊದ್ದು ನಿದ್ದೆ.

"ಯಾರಿವರು?"

"ನಮ್ಮತ್ತಿರಿ."

"ಎಲ್ಲಿ ಹತ್ತಿದ್ರು?"

"ನನಗೂ ಈಗ ಗೊತ್ತಾತ್ರಿ!"

ಸರಕಿನ ಲಾರಿಯಲ್ಲಿ ಮಂದಿ ಸಾಗಿಸುತ್ತೀಯಾ ಎಂದು ಅಧಿಕಾರಿ ತೆರೆದ ಬಾಗಿಲಲ್ಲೇ ನಿಂತು ಗದರಿದರು. ಅವನು ಕೆಳಗಿಳಿದು ನನಗೆ ಫೋನ್ ಹಚ್ಚಿದ, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. "ಸರ, ಹೊಸ ನಿಯಮದಾಗ ಅತ್ತಿ ಬಗ್ಗೆ ಏನರ ಬರದಾರೇನ್ರಿ?"

ನಾನು ನಿಯಮದ ಪುಸ್ತಕ ತೆರೆಯುವಷ್ಟರಲ್ಲಿ ಫೋನಿನಲ್ಲೇ ಮುದುಕಿಯ ದನಿ ಕೇಳಿಸಿತು. ಎಚ್ಚರಾಗಿತ್ತು, ಎಲ್ಲಿದ್ದೇನೆಂಬ ಖಬರಿಲ್ಲ.

"ಯಾರೋ ತಮ್ಮಾ ನೀನು? ಒಳಗರ ಬಾ, ಇಲ್ಲಾ ಹೊರಗರ ನಿಲ್ಲು. ಬಾಗಲಾ ಹಾಕು, ತಂಪೆಲ್ಲಾ ಹೊಂಟೈತಿ!"

ಧಡ್ ಎಂದು ಬಾಗಿಲು ಬಿದ್ದ ಸದ್ದಾಯಿತು.

"ಏನಾತೋ?" ಎಂದೆ.

"ಸಾಹೇಬ್ರು ಒಳಗ ಹತ್ತಿ ಬಾಗಲಾ ಹಾಕ್ಕೊಂಡ್ರು, ಸರ" ಎಂದ ಅಳುದನಿಯಲ್ಲಿ. "ಕಿಡಕಿ ಕಾಜಿನಾಗ ಕಾಣಾಕತ್ತೇತಿ, ಅತ್ತಿ ಅವರಿಗೆ ಎಲಿ ಅಡಕಿ ಕೊಡಾಕತ್ತಾಳ. ಲಾರಿ ನಂದ್ರೀ, ಬಿಸಲಾಗ ನಿಂತಾವನೂ ನಾನ!"