ಅತ್ತೆಗೆ ಸೂರ್ಯನನ್ನು ತೋರಿಸಿದ್ದು

ಸೂರ್ಯನನ್ನು ತೋರಿಸುವುದು ಕಷ್ಟದ ಕೆಲಸವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿ ಅವನು ಕರೆಯದಿದ್ದರೂ ಬರುತ್ತಿದ್ದ. ಹಾಗಾಗಿ ಡಿಸೆಂಬರಿನಲ್ಲಿ ಲಂಡನ್ನಿನ ನಮ್ಮ ಮನೆಗೆ ಹೊರಟ ಅತ್ತೆ ಫೋನಿನಲ್ಲಿ, "ಅಲ್ಲಿ ಸೂರ್ಯ ಕಾಣಿಸ್ತಾನಾ? ಅವನನ್ನ ನೋಡಿ ಅರ್ಘ್ಯ ಬಿಡದೆ ನಾನು ತಿಂಡಿ ತಿನ್ನಲ್ಲ" ಎಂದಾಗ, "ಅದು ನನ್ನ ಜವಾಬ್ದಾರಿ ಅತ್ತೆ, ನೀವು ಬನ್ನಿ" ಎಂದು ಎದೆಯುಬ್ಬಿಸಿ ಹೇಳಿಬಿಟ್ಟೆ. ಮಾವ ತೀರಿಕೊಂಡ ಮೇಲೆ ಅವರು ಹಿಡಿದ ವ್ರತ ಅದು.

ನಾವಿರುವುದು ಊರಿನ ಪಶ್ಚಿಮ ತುದಿಯ ಹೇಸ್‌ನ ಒಂದು ಬಾಡಿಗೆ ಮನೆಯಲ್ಲಿ. ಚಳಿಗಾಲದಲ್ಲಿ ಇಲ್ಲಿನ ಬೆಳಕಿಗೆ ಅಕ್ಕಿ ತೊಳೆದ ನೀರಿನ ಬಣ್ಣ. ಬೆಳಿಗ್ಗೆ ಎಂಟಕ್ಕೆ ಅನುಮಾನಿಸುತ್ತ ಬರುತ್ತದೆ, ಮಧ್ಯಾಹ್ನದ ಕಾಫಿ ಆರುವುದರೊಳಗೆ ಹೊರಟುಬಿಡುತ್ತದೆ. ನಾನೂ ನನ್ನ ಹೆಂಡತಿ ಸುಮಾಳೂ ಆ ತಿಂಗಳೆಲ್ಲ ಕಾರಣವಿಲ್ಲದೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತೇವೆ. ಇಷ್ಟೆಲ್ಲ ಗೊತ್ತಿದ್ದೂ ಮಾತು ಕೊಟ್ಟವನ ಬುದ್ಧಿಗೆ ಏನೆನ್ನುವುದು?

ಅತ್ತೆ ಬಂದ ಮೊದಲೆರಡು ದಿನ ಸೂರ್ಯ ನನ್ನ ಮಾನ ಉಳಿಸಿದ. ಮೂರನೆಯ ದಿನ ಆಕಾಶ ಪೂರ್ತಿ ಕಂಬಳಿ ಹೊದ್ದು ಮಲಗಿತು. ಅತ್ತೆ ಸ್ನಾನ ಮುಗಿಸಿ, ತಾಮ್ರದ ಚೊಂಬು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತರು. ನಾನು ಫೋನಿನಲ್ಲಿ ಹವಾಮಾನ ನೋಡಿ, "ಹತ್ತಕ್ಕೆ ಬರ್ತಾನೆ, ಖಂಡಿತ ತೋರಿಸ್ತೀನಿ" ಎಂದು ಘೋಷಿಸಿದೆ. ಹತ್ತಾಯಿತು. ಹನ್ನೊಂದಾಯಿತು. ಬಂದದ್ದು ತುಂತುರು ಮಳೆ.

ಸುಮಾ ನನ್ನನ್ನು ಮೂಲೆಗೆ ಕರೆದಳು. "ಅಮ್ಮಂಗೆ ಶುಗರ್ ಇದೆ ಅನ್ನೋದು ನೆನಪಿದ್ಯಾ? ತಲೆ ಸುತ್ತಿ ಬಿದ್ರೆ ಜಿಪಿ ಡಾಕ್ಟರ್ ಹತ್ರ ಏನಂತ ಹೇಳ್ತೀರಾ? ಸೂರ್ಯ ಸಿಗಲಿಲ್ಲ ಅಂತಾನಾ?"

ನನಗೆ ನಿಜವಾಗಿಯೂ ಭಯವಾಯಿತು. ಮೈಸೂರಿನ ನಾದಿನಿಗೆ ವಿಡಿಯೋ ಕರೆ ಮಾಡಿ ಅಲ್ಲಿನ ಸೂರ್ಯನನ್ನು ತೋರಿಸಿದೆ. "ಫೋನಲ್ಲಿ ಇಡ್ಲಿ ತೋರಿಸಿದ್ರೆ ಹೊಟ್ಟೆ ತುಂಬತ್ತಾ?" ಎಂದರು ಅತ್ತೆ. ಚಳಿಗಾಲದ ಬೇಸರ ಕಳೆಯಲೆಂದು ಕೊಂಡಿದ್ದ, ಬಿಸಿಲಿನಂಥ ಬೆಳಕು ಕೊಡುವ ದೀಪವನ್ನು ಹಚ್ಚಿದೆ. ಅವರು ಅದನ್ನು ಸುತ್ತಲೂ ನೋಡಿ, "ಇದಕ್ಕೆ ಸ್ವಿಚ್ ಇದೆಯಲ್ಲ" ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಫೋನು ಹೊಸ ಸುದ್ದಿ ಕೊಟ್ಟಿತು. ಊರಿನ ಆ ತುದಿಯ ಇಲ್ಫರ್ಡ್‌ನಲ್ಲಿ ಮಧ್ಯಾಹ್ನ ಬಿಸಿಲು! ಸೂರ್ಯ ಮನೆಗೆ ಬರದಿದ್ದರೆ ನಾವೇ ಅವನ ಮನೆಗೆ ಹೋಗುವುದೆಂದು ತೀರ್ಮಾನಿಸಿ, ಅತ್ತೆಗೆ ನನ್ನ ದಪ್ಪ ಕೋಟು ತೊಡಿಸಿ ಎಲಿಜಬೆತ್ ಲೈನ್ ರೈಲು ಹತ್ತಿಸಿದೆ. ಸುಮಾ ಅವಲಕ್ಕಿಯ ಡಬ್ಬಿ ಕಟ್ಟಿಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಸೂರ್ಯನನ್ನು ಹುಡುಕಲು ಹೊರಟವನು ಊರ ನಡುವೆಲ್ಲ ನೆಲದಡಿಯಲ್ಲೇ ಹೋಗುವ ರೈಲು ಹಿಡಿದಿದ್ದೇನೆಂದು ಹೊಳೆದದ್ದು ಸುರಂಗದೊಳಗೆ ಹೋದ ಮೇಲೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಆ ಕ್ಷಣ ನನ್ನಷ್ಟು ಅಯೋಗ್ಯ ಅಳಿಯ ಇನ್ನೊಬ್ಬನಿಲ್ಲ ಅನ್ನಿಸಿತು.

ಇಲ್ಫರ್ಡ್‌ನಲ್ಲಿ ಇಳಿದೆವು. ಅಲ್ಲಿಯೂ ಅದೇ ಬೂದು ಬಣ್ಣ. ಫೋನಿಗೆ ಸುಮಾಳ ಫೋಟೋ ಬಂದಿತ್ತು: ನಮ್ಮ ಹಿತ್ತಲ ತುಂಬ ಹಳದಿ ಬಿಸಿಲು. "ಈಗಷ್ಟೇ ಬಂದು ಹೋದ" ಎಂದು ಕೆಳಗೆ ಬರೆದಿದ್ದಳು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದು ಕೂತು, ಬೆಳಿಗ್ಗೆಯೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. "ಅತ್ತೆ, ಮೈಸೂರಲ್ಲಿ ಮಳೆಗಾಲದಲ್ಲಿ ಏನು ಮಾಡ್ತಿದ್ರಿ?"

"ಮೋಡ ಇದ್ದ ದಿನ ಪೂರ್ವಕ್ಕೆ ತಿರುಗಿ ಕೈ ಮುಗಿದು ತಿಂತಿದ್ದೆ. ಶಾಸ್ತ್ರಿಗಳು ಅದಕ್ಕೆ ದೋಷವಿಲ್ಲ ಅಂದಿದ್ರು."

"ಮತ್ತೆ ಇವತ್ತು ಯಾಕೆ ಉಪವಾಸ ಕೂತ್ರಿ?"

"ನೀವು ಖಂಡಿತ ತೋರಿಸ್ತೀನಿ ಅಂದ್ರಲ್ಲ," ಎಂದರು ಅತ್ತೆ ಮೆಲ್ಲಗೆ. "ಅಳಿಯಂದಿರು ಅಷ್ಟು ಒದ್ದಾಡ್ತಿರೋವಾಗ ನಾನು ತಿಂದುಬಿಟ್ರೆ ನಿಮ್ಮ ಮಾತು ನಂಬಲಿಲ್ಲ ಅಂತಾಗಲ್ವಾ?"

ಡಬ್ಬಿ ತೆರೆದು ಅವರ ಮುಂದಿಟ್ಟೆ.

"ಪೂರ್ವ ಯಾವ ಕಡೆ?" ಎಂದರು.

ಇಷ್ಟಾದರೂ ನನ್ನ ಆತ್ಮವಿಶ್ವಾಸ ಸತ್ತಿರಲಿಲ್ಲ. ಕೈ ಚಾಚಿ ತೋರಿಸಿದೆ. ಅತ್ತೆ ಆ ಕಡೆ ತಿರುಗಿ, ಭಕ್ತಿಯಿಂದ ಕೈ ಮುಗಿದು, ಅವಲಕ್ಕಿ ತಿಂದರು.

ಮನೆಗೆ ಬಂದು ನಕ್ಷೆ ನೋಡಿದೆ. ನಾನು ತೋರಿಸಿದ್ದು ಉತ್ತರ ದಿಕ್ಕು. ಅತ್ತೆಗೆ ಇನ್ನೂ ಹೇಳಿಲ್ಲ.