ಎಂಟನೆಯ ಖಲಾಸ್

ಪ್ರೇಮನಾಥನ ಕಷ್ಟವೇನೆಂದರೆ, ಅವನ ಬಳಿ ಒಂದು ಕಾರಿತ್ತು.

ಕಾರಿಲ್ಲದವರ ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ಬಿಸಿಲಿನಲ್ಲಿ ಟ್ಯಾಕ್ಸಿಗೆ ಕೈ ತೋರಿಸಿ ನಿಂತವನನ್ನು ಕಂಡರೆ ‘ಅಯ್ಯೋ ಪಾಪ’ ಅನ್ನಲು ನಾಲ್ಕು ಜನ ಇರುತ್ತಾರೆ. ಆದರೆ ಕಾರಿದ್ದೂ ಲೈಸೆನ್ಸ್ ಇಲ್ಲದವನಿಗಾಗಿ ಮರುಗುವ ಒಬ್ಬ ಪುಣ್ಯಾತ್ಮನೂ ಇಡೀ ಮಸ್ಕತ್ತಿನಲ್ಲಿ ಇರಲಿಲ್ಲ. ಎಲ್ಲರೂ ನಗುವವರೇ.

ಕಾರು ಮೊದಲು ಆಫೀಸಿನ ಟೈಪಿಸ್ಟ್ ಕ್ಯಾರೋಲಿನ್ ಮೇಡಮ್ಮಿನದಾಗಿತ್ತು. ಅವರು ಗಂಟುಮೂಟೆ ಕಟ್ಟಿ ಖಾಯಂ ಆಗಿ ಮಂಗಳೂರಿಗೆ ಹೊರಟಾಗ ಪ್ರೇಮನಾಥ ಅದನ್ನು ಕೊಂಡಿದ್ದ. ‘ಲೈಸೆನ್ಸ್ ಇವತ್ತಲ್ಲ ನಾಳೆ ಬಂದೀತು, ಹೆಂಗಸು ಓಡಿಸಿದ ಇಂಥ ನಾಜೂಕಿನ ಕಾರು ಮತ್ತೆ ಸಿಕ್ಕೀತೇ?’ ಎಂಬುದು ಅವನ ತರ್ಕ. ಆ ‘ನಾಳೆ’ಗೆ ಈಗ ಹತ್ತು ತಿಂಗಳಾಗಿತ್ತು. ಬಿಳಿಯ ಜಪಾನೀ ಕಾರು ರೂವಿ ಬಡಾವಣೆಯಲ್ಲಿ ಪ್ರೇಮನಾಥನ ಮನೆಯಿದ್ದ ಕಟ್ಟಡದ ಹಿಂದೆ, ಬೇವಿನ ಮರದ ಕೆಳಗೆ ತಪಸ್ಸಿಗೆ ಕುಳಿತಿತ್ತು. ಧೂಳು ಹಿಡಿದ ಕಾರಿಗೆ ಆ ಊರಿನಲ್ಲಿ ದಂಡ ಬೀಳುತ್ತದೆ. ಹಾಗಾಗಿ ಒಂದು ಗೇಣೂ ಅಲುಗಾಡದ ಕಾರನ್ನು ಪ್ರೇಮನಾಥ ಪ್ರತಿ ಶುಕ್ರವಾರ ಬಕೆಟ್ ಹಿಡಿದು ತೊಳೆಯುತ್ತಿದ್ದ.

“ಇದು ಕಾರಾ, ಎಮ್ಮೆಯಾ ಮಾರಾಯ್ರೆ?” ಎಂದು ಬಾಲ್ಕನಿಯಿಂದ ಹೆಂಡತಿ ಹರಿಣಾಕ್ಷಿ ಕೇಳುವಳು. “ಹಾಲೂ ಇಲ್ಲ, ಗುಡ್ಡೆಗೆ ಹೋಗುವುದೂ ಇಲ್ಲ. ಮೀಯಿಸುವುದು ಮಾತ್ರ ತಪ್ಪುವುದಿಲ್ಲ!”

ಹರಿಣಾಕ್ಷಿ ಮೂಲ್ಕಿಯಿಂದ ಬಂದು ಎಂಟು ತಿಂಗಳಾಗಿತ್ತು. ಅವಳಿಗೆ ಗೊತ್ತಿದ್ದ ಒಮಾನ್ ಎಂದರೆ ರೂವಿಯ ಗಡಿಯಾರ ಗೋಪುರ ಮತ್ತು ಅದರ ಸುತ್ತಮುತ್ತ. ಈ ಪಾಪಪ್ರಜ್ಞೆಯ ಪರಿಹಾರಕ್ಕೆಂದೇ ಪ್ರೇಮನಾಥ ಒಂದು ವಿಶಿಷ್ಟ ಪ್ರವಾಸ ಯೋಜನೆಯನ್ನು ಜಾರಿಗೆ ತಂದಿದ್ದ. ಸಂಜೆ ಇಬ್ಬರೂ ಕಾರಿನಲ್ಲಿ ಕೂರುವುದು, ಎಂಜಿನ್ ಚಾಲೂ ಮಾಡುವುದು, ಏಸಿ ಹಾಕುವುದು, ಕ್ಯಾಸೆಟ್ ಹಾಕುವುದು. ಅಷ್ಟೇ. ಕಾರು ನಿಂತಲ್ಲೇ ಇರುತ್ತಿತ್ತು.

“ಈಗ ಎಲ್ಲಿಗೆ ಮುಟ್ಟಿತು?” ಎಂದು ಹರಿಣಾಕ್ಷಿ ಕೇಳುವಳು.

“ಮತ್ರಾ ಬಂತು.”

“ಸಮುದ್ರ ಕಾಣುವುದಿಲ್ಲವಲ್ಲ?”

“ಕಣ್ಣು ಮುಚ್ಚು, ಕಾಣುತ್ತದೆ.”

ಇಂಥ ಪ್ರಯಾಣಗಳಲ್ಲೇ ಅವನು ಅವಳಿಗೆ ಕಾರಿನ ಒಂದೊಂದು ಗುಂಡಿಯ ಮಹಿಮೆಯನ್ನೂ ವಿವರಿಸಿದ್ದ. (ಕಾರಿನ ಜೊತೆ ಬಂದ ಪುಸ್ತಕವನ್ನು ಅವನು ನಾಲ್ಕು ಸಲ ಓದಿದ್ದ. ಓಡಿಸಲಾಗದವನು ಓದಲೇಬೇಕಷ್ಟೆ.) ಅವನಿಗೆ ಎಲ್ಲಕ್ಕಿಂತ ಹೆಮ್ಮೆಯದು ಒಂದು ಎಚ್ಚರಿಕೆಯ ಗಂಟೆ. “ನೂರಿಪ್ಪತ್ತು ಕಿಲೋಮೀಟರ್ ಸ್ಪೀಡು ದಾಟಿತು ಅಂತ ಇಟ್ಟುಕೋ, ತನ್ನಷ್ಟಕ್ಕೆ ಟಿಣ್ ಟಿಣ್ ಅಂತ ಬಡಿಯುತ್ತದೆ. ಇಲ್ಲಿನ ಕಾರುಗಳಿಗೆ ಹಾಗೇ ಮಾಡಿಯೇ ಕಳಿಸುವುದು.”

“ಓಡಿಸುವವರು ಮುಚ್ಚಿಡಲಿಕ್ಕೆ ಆಗುವುದಿಲ್ಲ ಅಂತಾಯ್ತು.”

“ಆಗುವುದಿಲ್ಲ.”

“ಒಳ್ಳೆಯ ಕಾರು,” ಎಂದಿದ್ದಳು ಹರಿಣಾಕ್ಷಿ.

ಇನ್ನು ಲೈಸೆನ್ಸಿನ ಪರೀಕ್ಷೆ. ಎರಡು ಸಾಲು ಡಾಂಬರು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸುವುದು ಮೊದಲನೆಯದು. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಎಬ್ಬಿಸುವುದು ಎರಡನೆಯದು. ಪೊಲೀಸ್ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸುವುದು ಕೊನೆಯದು. ಪ್ರೇಮನಾಥ ಡ್ರಮ್ಮಿನಲ್ಲಿ ಮೂರು ಸಲ, ಏರಿನಲ್ಲಿ ಎರಡು ಸಲ, ರಸ್ತೆಯಲ್ಲಿ ಎರಡು ಸಲ ಫೇಲಾಗಿದ್ದ. ಆ ಹತ್ತು ತಿಂಗಳಲ್ಲಿ ಸೋವಿಯತ್ ಒಕ್ಕೂಟದಂಥ ಒಕ್ಕೂಟವೇ ಒಡೆದು ಹದಿನೈದು ದೇಶಗಳಾಗಿತ್ತು. ಪ್ರೇಮನಾಥನಿಗೆ ಒಂದು ಲೈಸೆನ್ಸ್ ಸಿಕ್ಕಿರಲಿಲ್ಲ.

ಏಳು ಸಲವೂ ಕೊನೆಗೆ ಕಿವಿಗೆ ಬಿದ್ದದ್ದು ಒಂದೇ ಮಾತು: “ಖಲಾಸ್.” ಅದಾದ ಮೇಲೆ ಅಧಿಕಾರಿ ಫಾರಮ್ಮಿನ ಮೇಲೆ ಮುಂದಿನ ತಾರೀಕು ಗೀಚಿ ಅವನ ಕೈಗೆ ಕೊಡುತ್ತಿದ್ದ. ಊರಿನಲ್ಲೂ ಖಲಾಸ್ ಎಂದರೆ ನಿರ್ನಾಮ ಎಂದೇ ಅರ್ಥವಲ್ಲವೇ? ‘ಅವನ ಕಥೆ ಖಲಾಸ್’ ಅನ್ನುವುದಿಲ್ಲವೇ? ಹಾಗಾಗಿ ಆ ಶಬ್ದ ಕೇಳಿದರೆ ಸಾಕು, ಪ್ರೇಮನಾಥನ ಎದೆಯೊಳಗೆ ಒಂದು ಡ್ರಮ್ಮು ಉರುಳಿದಂತಾಗುತ್ತಿತ್ತು. ಅರ್ಥವೇನೆಂದು ಯಾರನ್ನಾದರೂ ಕೇಳುವಂತಿರಲಿಲ್ಲ. ಮೂವತ್ತು ದಿನಗಳಲ್ಲಿ ಅರಬ್ಬಿ ಕಲಿಸುವ ಪುಸ್ತಕವನ್ನು ಹನ್ನೊಂದನೆಯ ದಿನದವರೆಗೆ ಓದಿ, ಆಫೀಸಿನಲ್ಲಿ ಅರಬ್ಬಿ ಪಂಡಿತನೆಂದು ಅವನು ಹೆಸರು ಮಾಡಿದ್ದ.

ಹೀಗಿರುವಾಗ ದೂರದ ಕರಾವಳಿ ಪಟ್ಟಣ ಸೂರಿನಿಂದ ಫೋನು ಬಂತು. ಅಲ್ಲಿ ಹರಿಣಾಕ್ಷಿಯ ಅಕ್ಕ ಲೋಲಾಕ್ಷಿಗೆ ಹೆರಿಗೆಯಾಗಿತ್ತು, ಮುಂದಿನ ವಾರದ ಶುಕ್ರವಾರ ಮಗುವಿನ ನಾಮಕರಣ. ಫೋನಿನ ಆ ತುದಿಯಲ್ಲಿದ್ದವನು ಲೋಲಾಕ್ಷಿಯ ಗಂಡ ಪೂವಪ್ಪ, ಎರಡನೇ ಸಲಕ್ಕೇ ಲೈಸೆನ್ಸ್ ಗಿಟ್ಟಿಸಿದ ಮಹಾನುಭಾವ. “ಪ್ರೇಮ, ನಿನ್ನ ಲೈಸೆನ್ಸ್ ಕಥೆ ಎಂತಾಯ್ತು? ಬೇಜಾರು ಮಾಡಬೇಡ, ನಾನೇ ಬಂದು ನಿಮ್ಮನ್ನು ಕರಕೊಂಡು ಹೋಗ್ತೇನೆ. ನನಗೆ ಮಸ್ಕತ್ತಿಗೆ ಹೋಗಿ ಬರುವುದು ಎಂತ ದೊಡ್ಡ ಸಂಗತಿ!”

ಪ್ರೇಮನಾಥ ಉತ್ತರ ಹುಡುಕುವುದರೊಳಗೆ ಹರಿಣಾಕ್ಷಿ ರಿಸೀವರ್ ಕಿತ್ತುಕೊಂಡಳು. “ಬೇಡ ಭಾವ. ಇವರಿಗೆ ಶನಿವಾರ ಟೆಸ್ಟ್ ಉಂಟು, ಪಾಸಾಗ್ತಾರೆ. ಬಂದರೆ ನಾವು ನಮ್ಮ ಕಾರಿನಲ್ಲೇ ಬರುವುದು. ಇಲ್ಲದಿದ್ದರೆ ಬರುವುದೇ ಇಲ್ಲ,” ಎಂದು ಫೋನಿಟ್ಟಳು.

ಅವಳು ಅಕ್ಕನನ್ನು ಕಂಡು ಎರಡು ವರ್ಷವಾಗಿತ್ತು. ಹೆಂಡತಿ ಬೈದಿದ್ದರೆ ಪ್ರೇಮನಾಥ ತಡೆದುಕೊಳ್ಳುತ್ತಿದ್ದ; ನಂಬಿಬಿಟ್ಟಳಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಶನಿವಾರ ಎಂಟನೆಯ ಪರೀಕ್ಷೆ. ಅಧಿಕಾರಿ ಪಕ್ಕದಲ್ಲಿ ಕುಳಿತು “ಯಲ್ಲಾ” ಎಂದ. ಪ್ರೇಮನಾಥ ಹೊರಟ. ಸೀದಾ ಎಂದಾಗ ಸೀದಾ ಹೋದ. ವೃತ್ತದಲ್ಲಿ ಎಡಗಡೆಯಿಂದ ಬರುವವರಿಗೆಲ್ಲ ದಾರಿ ಬಿಟ್ಟು, ಅವರ ಹಿಂದೆ ಬರಬಹುದಾದವರಿಗೂ ಮುಂಗಡವಾಗಿ ದಾರಿ ಬಿಟ್ಟು ಸುತ್ತು ಹಾಕಿದ. ಮೂರೇ ನಿಮಿಷ. ಅಧಿಕಾರಿ ಬದಿಗೆ ನಿಲ್ಲಿಸಲು ಹೇಳಿ, ಫಾರಮ್ಮಿನಲ್ಲಿ ಏನೋ ಗೀಚಿದ.

“ಖಲಾಸ್,” ಎಂದ. ಆಮೇಲೆ ಪೊಲೀಸ್ ಆಫೀಸಿನ ಕಡೆಗೆ ಕೈ ತೋರಿಸಿ, “ಯಲ್ಲಾ, ರೂಹ್.”

ರೂಹ್ ಎಂದರೆ ಹೋಗು. ಪುಸ್ತಕದ ಆರನೆಯ ದಿನದ ಪಾಠ. ಆಫೀಸಿನ ಪಕ್ಕದಲ್ಲೇ ಗೇಟೂ ಇತ್ತು. ಪ್ರೇಮನಾಥ ಕಾದ. ಫಾರಮ್ಮು ವಾಪಸು ಬರಲಿಲ್ಲ, ಅಧಿಕಾರಿ ಅದನ್ನು ತನ್ನ ಫೈಲಿನೊಳಗೆ ಸೇರಿಸಿಕೊಂಡ. ಇಷ್ಟು ಸಲ ತಾರೀಕಾದರೂ ಸಿಗುತ್ತಿತ್ತು, ಈ ಸಲ ತಾರೀಕೂ ಇಲ್ಲ! ಇವನಿಗೆ ಈ ಜನ್ಮದಲ್ಲಿ ಬೇಡ ಎಂದು ಸರಕಾರವೇ ತೀರ್ಮಾನಿಸಿದಂತಾಯಿತು. ಅವನು ಕಾರಿನಿಂದಿಳಿದು, ಹಿಂದಿರುಗಿ ನೋಡದೆ ಗೇಟು ದಾಟಿ, ಸಿಕ್ಕಿದ ಟ್ಯಾಕ್ಸಿ ಹತ್ತಿದ.

ಮನೆಯ ಬಾಗಿಲು ತೆರೆದಾಗ ಹೆಸರುಬೇಳೆ ಪಾಯಸದ ಪರಿಮಳ. ಹರಿಣಾಕ್ಷಿ ಸೌಟು ಹಿಡಿದೇ ಓಡಿ ಬಂದಳು.

“ಆಯಿತಾ?”

ಪ್ರೇಮನಾಥ ಚಪ್ಪಲಿ ಕಳಚುತ್ತ ದೊಡ್ಡ ಉಸಿರು ಬಿಟ್ಟ. “ಆಯಿತು.”

ಅವನು ಹೇಳಿದ್ದು ಎಲ್ಲಾ ಮುಗಿಯಿತು ಎಂಬ ಅರ್ಥದಲ್ಲಿ. ಆದರೆ ಹರಿಣಾಕ್ಷಿ ಸೌಟಿನ ಸಮೇತ ಚಪ್ಪಾಳೆ ತಟ್ಟಿದಳು. ಪಾಯಸದ ಒಂದು ಹನಿ ಅವನ ಅಂಗಿಯ ಮೇಲೆ ಬಿತ್ತು. “ನಾನು ಹೇಳಲಿಲ್ಲವಾ! ನಾನು ಹೇಳಲಿಲ್ಲವಾ!” ಎನ್ನುತ್ತಾ ಅವಳು ಸೂರಿಗೆ ಫೋನು ತಿರುಗಿಸಿದಳು. ಆ ಹೊತ್ತಿನಲ್ಲಿ ತಿದ್ದಲು ಅವನಿಗೆ ಬಾಯಿ ಬರಲಿಲ್ಲ. ಪಾಯಸ ಉಂಡ ಮೇಲೆ ತಿದ್ದುವ ಅಂದುಕೊಂಡ. ಎರಡು ಲೋಟ ಉಂಡ. ಅಷ್ಟು ಹೊತ್ತಿಗೆ ಪೂವಪ್ಪನಿಗೂ ಸುದ್ದಿ ಮುಟ್ಟಿ, ತಿದ್ದುಪಡಿ ಅಂತರ್‌ಜಿಲ್ಲಾ ವ್ಯವಹಾರವಾಗಿತ್ತು.

ಭಾನುವಾರದಿಂದ ಶುರುವಾದದ್ದು ಮಾತ್ರ ಅಪ್ಪಟ ಸುಳ್ಳು.

“ಕಾರ್ಡ್ ಎಲ್ಲಿ? ತೋರಿಸಿ ಮಾರಾಯ್ರೆ.”

“ಪ್ರಿಂಟ್ ಮಾಡುವ ಮೆಷಿನ್ ಹಾಳಾಗಿದೆಯಂತೆ.”

ಸೋಮವಾರ ಮೆಷಿನ್ನಿನ ಬಿಡಿಭಾಗ ಜಪಾನಿನಿಂದ ಬರಬೇಕಾಯಿತು. ಮಂಗಳವಾರ ಅದು ಬಂತು, ಆದರೆ ತಪ್ಪು ಭಾಗ. ಬುಧವಾರದ ಹೊತ್ತಿಗೆ ಪ್ರೇಮನಾಥನಿಗೆ ಆ ಮೆಷಿನ್ನಿನ ಮೇಲೆ ಎಂಥ ಮಮತೆ ಹುಟ್ಟಿತ್ತೆಂದರೆ, ಅದು ನಿಜಕ್ಕೂ ಇಲ್ಲವೆಂಬುದನ್ನು ನೆನೆದು ಬೇಸರವೇ ಆಯಿತು. ಇತ್ತ ಹರಿಣಾಕ್ಷಿ ಮಗುವಿಗೆ ಅಂಗಿ ಹೊಲಿದಿದ್ದಳು, ಸೀರೆಗೆ ಇಸ್ತ್ರಿ ಹಾಕಿ ಕುರ್ಚಿಗೆ ತೂಗು ಹಾಕಿದ್ದಳು. ಬುಧವಾರ ಸಂಜೆಯಿಂದ ಅವಳು ಕಾರ್ಡಿನ ಸುದ್ದಿಯನ್ನೇ ಎತ್ತಲಿಲ್ಲ. ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ನಗುತ್ತಾ ಹಾಡಿಕೊಳ್ಳುತ್ತಿದ್ದಳು. ಅದು ಅವನನ್ನು ಇನ್ನಷ್ಟು ಕೊಂದಿತು.

ಗುರುವಾರ ಮಧ್ಯಾಹ್ನ ಅವಳು ಡಬ್ಬಿಗೆ ಚಕ್ಕುಲಿ ತುಂಬುತ್ತಿರುವಾಗ ಪ್ರೇಮನಾಥ ಎದುರು ಬಂದು ನಿಂತ. ಸತ್ಯಕ್ಕಾಗಿ ಸಿಂಹಾಸನ ತ್ಯಜಿಸುವ ಯಕ್ಷಗಾನದ ರಾಜನ ನಿಲುವು. (ಕಿರೀಟದ ಬದಲು ತಲೆಗೆ ಒದ್ದೆ ಟವೆಲ್ ಇತ್ತು.)

“ಹರಿಣಾಕ್ಷಿ, ನಾನು ನಿನಗೆ ಮೋಸ ಮಾಡಿದೆ.”

ಚಕ್ಕುಲಿಯೊಂದು ಅವಳ ಕೈಯಲ್ಲೇ ಮುರಿಯಿತು. “ಎಂತ?”

“ನಾನು ಪಾಸಾಗಲಿಲ್ಲ. ಮೆಷಿನ್ ಇಲ್ಲ, ಜಪಾನ್ ಇಲ್ಲ, ಬಿಡಿಭಾಗ ಇಲ್ಲ. ಎಲ್ಲಾ ಸುಳ್ಳು. ಎಂಟನೇ ಸಲವೂ ಫೇಲ್. ನಿನ್ನ ಮುಖ ನೋಡಿ ಹೇಳಲಿಕ್ಕೆ ಆಗಲಿಲ್ಲ.” ಇನ್ನೂ ಎರಡು ವಾಕ್ಯಗಳನ್ನು ಅವನು ಸಿದ್ಧ ಮಾಡಿಕೊಂಡಿದ್ದ. ಅವು ಮರೆತುಹೋದವು.

ಹರಿಣಾಕ್ಷಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಕೈ ಒರೆಸಿಕೊಂಡು, ದೇವರ ಪಟದ ಹಿಂದಿನಿಂದ ಏನನ್ನೋ ತೆಗೆದು ತಂದು ಅವನ ಅಂಗೈ ಮೇಲಿಟ್ಟಳು. ಕುಂಕುಮ ಮೆತ್ತಿದ ಒಂದು ಕಾರ್ಡು. ಅದರಲ್ಲಿ ಕುಂಕುಮದ ಅಡಿಯಿಂದ ಪ್ರೇಮನಾಥ, ಲೈಸೆನ್ಸ್ ಪಡೆದ ಪ್ರೇಮನಾಥ, ಗಾಬರಿಗೊಂಡು ನೋಡುತ್ತಿದ್ದ.

“ಇದು… ಇದು ಎಲ್ಲಿಂದ?”

“ನಿನ್ನೆ ನೀವು ಬರುವ ಮೊದಲು ಇಸುಬು ತಂದುಕೊಟ್ಟದ್ದು.” ಇಸುಬು ಉಳ್ಳಾಲದವನು, ಕಂಪೆನಿಯ ಕಾಗದಪತ್ರಗಳಿಗಾಗಿ ದಿನಾ ಪೊಲೀಸ್ ಆಫೀಸಿಗೆ ಹೋಗಿಬರುವ ಡ್ರೈವರ್. “‘ಅಕ್ಕಾ, ಪ್ರೇಮಣ್ಣನಿಗೆ ಪಾಸಾದ ಖುಷಿಯಲ್ಲಿ ತಲೆಯೇ ಓಡಲಿಲ್ಲ ಅಂತ ಕಾಣ್ತದೆ, ಕಾರ್ಡು ತೆಕ್ಕೊಳ್ಳದೆ ಓಡಿದ್ದಾರೆ. ಕೌಂಟರಿನವರು ಐದು ದಿನದಿಂದ ಹುಡುಕ್ತಿದ್ದಾರೆ’ ಅಂದ. ಕಾರ್ಡು ಮರೆತ ನಾಚಿಕೆಗೆ ನೀವು ಮೆಷಿನ್ನಿನ ಕಥೆ ಕಟ್ಟಿದ್ದು ಅಂದುಕೊಂಡೆ. ನಾಳೆ ಹೊರಡುವಾಗ ದೇವರ ಎದುರು ಕೊಡುವ ಅಂತ ನಾನು ಅಡಗಿಸಿ ಇಟ್ಟಿದ್ದೆ.”

“ಆದರೆ ಅವನು ಖಲಾಸ್ ಅಂದ!”

“ಖಲಾಸ್ ಅಂದರೆ ಆಯಿತು ಅಂತ ಮಾರಾಯ್ರೆ! ತರಕಾರಿ ಅಂಗಡಿಯವನು ಚೀಲ ಕಟ್ಟಿ ದಿನಾ ಹೇಳುವುದಿಲ್ಲವಾ? ಎಂಟು ತಿಂಗಳ ಹಿಂದೆ ಬಂದ ನನಗೆ ಗೊತ್ತುಂಟು. ಫೇಲಾದರೂ ಆಯಿತು, ಪಾಸಾದರೂ ಆಯಿತು. ನೀವೂ ನನಗೆ ಅದನ್ನೇ ಅಲ್ಲವಾ ಹೇಳಿದ್ದು?”

ಬಾಯಿ ಮುಚ್ಚಿಕೊಂಡು ಇನ್ನೊಂದು ರಾತ್ರಿ ಕಳೆದಿದ್ದರೆ ಪ್ರೇಮನಾಥ ಬರೀ ಮರೆಗುಳಿಯಾಗಿ ಸೂರಿಗೆ ಹೋಗುತ್ತಿದ್ದ. ಜೀವಮಾನದಲ್ಲಿ ಮೊದಲ ಬಾರಿ ಧೈರ್ಯ ಮಾಡಿ ನಿಜ ಹೇಳಲು ಹೋಗಿ, ಅವನು ತನ್ನ ಸುಳ್ಳುಗಳನ್ನೆಲ್ಲ ಪುಟಸಂಖ್ಯೆ ಸಮೇತ ಒಪ್ಪಿಸಿದ್ದ.

“ಅಂದರೆ,” ಎಂದು ಹರಿಣಾಕ್ಷಿ ನಿಧಾನವಾಗಿ ಹೇಳಿದಳು, “ಲೈಸೆನ್ಸ್ ಸಿಕ್ಕಿದ್ದು ನಿಜ. ನೀವು ಹೇಳಿದ್ದು ಸುಳ್ಳು.”

ಅವಳು ನಗುತ್ತಾಳೋ ಅಳುತ್ತಾಳೋ ತಿಳಿಯದೆ ಪ್ರೇಮನಾಥ ಟವೆಲ್ ತೆಗೆದು ಹಿಂಡಿದ. ಅವಳು ಮುರಿದ ಚಕ್ಕುಲಿಯ ಅರ್ಧವನ್ನು ತಾನು ತಿಂದು, ಇನ್ನರ್ಧ ಅವನಿಗೆ ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಬೇವಿನ ಮರದಡಿಯಿಂದ ಬಿಳಿಯ ಕಾರು ಹೊರಟಿತು. ಕಟ್ಟಡದ ಮಕ್ಕಳೆಲ್ಲ ಬಾಲ್ಕನಿಗೆ ಬಂದು ನೋಡಿದರು. ಅದು ಚಲಿಸುವ ವಸ್ತುವೆಂದು ಅವರಿಗೂ ಗೊತ್ತಿರಲಿಲ್ಲ. ಕಾರು ಮೊದಲ ವೃತ್ತ ದಾಟಿತು, ಎರಡನೆಯದನ್ನೂ ದಾಟಿತು. ಹರಿಣಾಕ್ಷಿ ಕಣ್ಣು ಮುಚ್ಚದೆಯೇ ಬೆಟ್ಟಗಳನ್ನು ನೋಡಿದಳು.

“ಪೆಟ್ರೋಲ್ ಉಂಟಲ್ಲ?” ಎಂದು ಕೇಳಿದಳು.

“ಉಂಟು.”

“ನಿಜವಾಗಿ ಉಂಟಾ, ಮೆಷಿನ್ನಿನ ಹಾಗೆ ಉಂಟಾ?”

ಸೂರಿನ ದಾರಿಯಲ್ಲಿ ಬಿದ್‌ಬಿದ್ ಎಂಬ ಊರು ಸಿಗುತ್ತದೆ. ಅಲ್ಲಿಯ ಫಲಕ ಕಂಡದ್ದೇ ತಡ, ಎರಡು ದಿನದಿಂದ ಹಿಡಿದಿಟ್ಟದ್ದೆಲ್ಲ ಒಡೆದು, ಅವಳು ಊರಿನ ಹೆಸರಿಗೆ ತಕ್ಕಂತೆ ಬಿದ್ದು ಬಿದ್ದು ನಕ್ಕಳು. “ಜಪಾನಿನಿಂದ… ತಪ್ಪು ಭಾಗ…” ಎಂದು ಮತ್ತೆ ಮತ್ತೆ ನಕ್ಕಳು. ಪ್ರೇಮನಾಥನೂ ನಕ್ಕ. ಗೆದ್ದೆ, ಇನ್ನು ತೊಂದರೆಯಿಲ್ಲ ಅಂದುಕೊಂಡ.

ಇಬ್ರಾ ಪಟ್ಟಣ ದಾಟಿದ ಮೇಲೆ ರಸ್ತೆ ಖಾಲಿ. ಅಲ್ಲಿ ಸೂರಿನಲ್ಲಿ ಪೂವಪ್ಪ ವಾಚು ನೋಡುತ್ತಾ ಬಾಗಿಲಲ್ಲಿ ನಿಂತಿರುವ ಚಿತ್ರ ಪ್ರೇಮನಾಥನ ಕಣ್ಣೆದುರು ಬಂತು. ಅವನಿಗೆ ತಿಳಿಯದ ಹಾಗೆ (ಅಥವಾ ತಿಳಿದೇ) ಕಾಲು ಸ್ವಲ್ಪ ಭಾರವಾಯಿತು. ಕಿಟಕಿಯ ಹೊರಗೆ ಮರಳು ಓಡತೊಡಗಿತು.

“ಎಷ್ಟರಲ್ಲಿ ಹೋಗ್ತಾ ಇದ್ದೇವೆ?” ಎಂದಳು ಹರಿಣಾಕ್ಷಿ, ಮುಂದಿನ ಕಂಬಿಯನ್ನು ಹಿಡಿದುಕೊಂಡು.

“ನೂರು. ನೂರು ದಾಟಲಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವಾ ನಿನಗೆ?”

ಟಿಣ್, ಎಂದಿತು ಕಾರು. ಟಿಣ್. ಟಿಣ್.

ಪ್ರೇಮನಾಥ ಎದುರಿನ ರಸ್ತೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕ್ಯಾರೋಲಿನ್ ಮೇಡಮ್ಮಿನ ನಾಜೂಕಿನ ಕಾರು, ಹತ್ತು ತಿಂಗಳು ಶುಕ್ರವಾರ ಶುಕ್ರವಾರ ಮೀಯಿಸಿದ ಕಾರು, ಮೊದಲ ಪ್ರಯಾಣದಲ್ಲೇ ಹೆಂಡತಿಯ ಪಕ್ಷ ಸೇರಿತ್ತು.

ಹರಿಣಾಕ್ಷಿ ಅವನ ಕಡೆಗೆ ತಿರುಗಿದಳು.

“ಖಲಾಸ್,” ಎಂದಳು.

ಈ ಸಲ ಅದರ ಅರ್ಥ ಅವನಿಗೆ ಸರಿಯಾಗಿಯೇ ಆಯಿತು. ಕಾಲು ತೆಗೆದ.